ಆಸರೆಯ ಕಾಲಂ

ಓಂಕಾರಣ್ಣನಿಗೆ ಅಂಗಡಿ ಜಾಗ ಬಿಟ್ಟುಕೊಡದ, ತನ್ನ ಪಕ್ಕದ ಮನೆಯ ಹಾಲಪ್ಪನ ಕುತ್ತಿಗೆಗೆ ತಿಪ್ಪೇಶ ಮಚ್ಚು ಬೀಸಿದ. ರಕ್ತ ಗೋಡೆಗೆ ಹಾರಿತು. ಮಚ್ಚು ಕಿತ್ತೊಡನೆ ಗಾಯ ಕೂಡಿಕೊಂಡಿತು.

ತಿಪ್ಪೇಶನಿಗೆ ಬೇಸರವಾಯಿತು. ಊರಿನ ಡೇಟಾಬೇಸಿನಲ್ಲಿ ಯಾರೋ ಈ ಮುದುಕನನ್ನು ತಮ್ಮ ಆಸರೆ ಎಂದು ತೋರಿಸಿಕೊಂಡಿದ್ದಾರೆ. ಅವರು ಇರುವವರೆಗೆ ಕಾಯಿಲೆ, ಮುಪ್ಪು ಬಿಟ್ಟರೆ ಬೇರೆ ಯಾವುದರಿಂದಲೂ ಇವನು ಸಾಯುವಂತಿಲ್ಲ. ಮೊದಲು ಅವರನ್ನು ಮುಗಿಸಬೇಕು, ಆಮೇಲೆ ಇವನನ್ನು. ಕಸುಬು ಕಲಿಸುವಾಗ ಓಂಕಾರಣ್ಣ ಇದನ್ನೇ ದಿನಾ ಅಭ್ಯಾಸ ಮಾಡಿಸಿದ್ದ. ತನ್ನ ಹುಡುಗರು ಮದುವೆಯಾಗಿ ಯಾರಿಗೂ ಆಸರೆಯಾಗಬಾರದು ಎಂಬುದೂ ಅವನದೇ ಷರತ್ತು.

"ನಿಂಗೆ ಹೆಂಡ್ತಿ ಮಕ್ಳು ಇಲ್ಲ, ಮಾವ. ನಿನ್ನ ಹೆಸರು ಹಿಡ್ಕೊಂಡಿರೋದು ಯಾರು, ಹೇಳು," ಎಂದು ತಿಪ್ಪೇಶ ಅವನ ಬೆರಳೊಂದನ್ನು ಕತ್ತರಿಸಿದ. ಬೆರಳು ಮತ್ತೆ ಅಂಟಿಕೊಂಡಿತು. ನೋವು ಮಾತ್ರ ಉಳಿಯಿತು.

ಹಾಲಪ್ಪ ಹಲ್ಲು ಕಚ್ಚಿಕೊಂಡು ಹೇಳಿದ: "ನಿಮ್ಮವ್ವ ಜ್ವರ ಬಂದು ತೀರ್ಕೊಂಡಾಗ ನಿನ್ನ ಆಸರೆ ಕಾಲಂ ಖಾಲಿ ಆತು. ಖಾಲಿ ಬಿಟ್ಟಿದ್ರೆ ಸಂಜೆಯೊಳಗೆ ನೀನೂ ಅಳಿಸಿ ಹೋಗ್ತಿದ್ದಿ. ಅದ್ಕೆ ನನ್ನ ಹೆಸರು ಹಾಕ್ಸಿದೆ."

"ಓಂಕಾರಣ್ಣ ಅಲ್ವಾ ಹಾಕ್ಸಿದ್ದು?"

"ಅವ್ನು ಮಣ್ಣಿಗೂ ಬರ್ಲಿಲ್ಲ."

ತಿಪ್ಪೇಶನ ಕೈ ತಾನಾಗಿ ಇಳಿಯಿತು. ಬಾಗಿಲಲ್ಲಿ ಬೀಡಿ ಸೇದುತ್ತ ನಿಂತಿದ್ದ ಓಂಕಾರಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬೀಡಿ ಹೊಸಕಿ ಒಳಗೆ ಬಂದ.

"ಮಚ್ಚು ಇತ್ತ ಕೊಡು," ಎಂದು ತಿಪ್ಪೇಶನ ಕುತ್ತಿಗೆಯನ್ನೇ ನೋಡುತ್ತ ಕೈ ಚಾಚಿದ.

ಅವನು ಕೇಳಿದ್ದನ್ನೆಲ್ಲ ಕೊಟ್ಟೇ ತಿಪ್ಪೇಶನಿಗೆ ರೂಢಿ. ಕೊಟ್ಟುಬಿಟ್ಟ.