ಗೌಡರ ನಿದ್ದೆ

ಧ್ವಜ ಏರಿಸಲು ಬಂದ ಕರಿಯಪ್ಪ ಗೌಡರು ಹಗ್ಗವನ್ನೇ ಮುಟ್ಟಲಿಲ್ಲ. ತಮ್ಮ ಪಕ್ಕದ ಕುರ್ಚಿಯಲ್ಲಿ ಚಿಕ್ಕಯ್ಯ ಬಂದು ಕೂರುವ ತನಕ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಅಕ್ಕೂರಿನ ಹೊಲಗಳ ಮೇಲೆ ಆ ವರ್ಷವಷ್ಟೇ ಎದ್ದಿದ್ದ ಕಾರ್ಖಾನೆಗೆ ಅದು ಮೊದಲ ಆಗಸ್ಟ್ ಹದಿನೈದು. ಸಾಲಾಗಿ ನಿಂತ ಕಾರ್ಖಾನೆ ಹುಡುಗಿಯರ ಕಡೆಗೊಮ್ಮೆ, ಗಡಿಯಾರದ ಕಡೆಗೊಮ್ಮೆ ನೋಡುತ್ತ ಮ್ಯಾನೇಜರು ಬೆವರು ಒರೆಸಿಕೊಂಡ.

ಚಿಕ್ಕಯ್ಯ ಚಿಕ್ಕಂದಿನಿಂದ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಕಾನೂನು ಬಂದು ಜೀತ ಹೋದ ಮೇಲೂ ಅವರೆದುರು ನೆಲ ಬಿಟ್ಟು ಮೇಲೆ ಕೂತವನಲ್ಲ. ಈಗಲೂ ಧ್ವಜದ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ತನಗೆ ಇಲ್ಲೇ ಸಲೀಸು ಅಂದ.

ಗೌಡರಿಗೆ ಸಾಯುವುದರೊಳಗೆ ಇದೊಂದು ಆಗಲೇಬೇಕಿತ್ತು. ಅವನು ಮೇಲೆ ಬರದಿದ್ದರೆ ತಾವೇ ಕೆಳಗಿಳಿದರಾಯಿತೆಂದು, ಗರಿಗರಿ ಖಾದಿ ಜುಬ್ಬದಲ್ಲೇ ಅವನ ಪಕ್ಕ ಮಣ್ಣಿನಲ್ಲಿ ಕೂತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಗೌಡರಿಗೆ ಒಳಗೊಳಗೇ ಹಿತವಾಯಿತು, ಸುಳ್ಳೇಕೆ.

ತುಂತುರು ಮಳೆ, ಎಳೆಬಿಸಿಲು, ಚಪ್ಪಾಳೆ ಎಲ್ಲ ಕಲೆತು, ಅವರು ಕಣ್ಣು ಬಿಟ್ಟುಕೊಂಡೇ ಹಳೆಯ ದಿನಕ್ಕೆ ಜಾರಿದರು. ಮೈಸೂರು ಚಲೋ ಚಳವಳಿ ಮುಗಿದು, ಮೀಸೆ ಚಿಗುರಿದ ಹುಡುಗನಾಗಿ ತಾವು ಜೈಲಿನಿಂದ ಊರಿಗೆ ಬಂದ ದಿನ. ಆರತಿ, ಚೆಂಡುಹೂವಿನ ಹಾರ, ಜಗಲಿಯ ಮೇಲೆ ನಿಂತು ಮಾಡಿದ ಭಾಷಣ. ಇನ್ನು ಮೇಲೆ ಯಾರೂ ಯಾರಿಗೂ ಆಳಲ್ಲ ಎಂದಾಗ ಊರಿಗೆ ಊರೇ ಜೈಕಾರ ಹಾಕಿತ್ತು. ಪಂಜಿನ ಬೆಳಕಿಗೆ ಹೊಂಬಣ್ಣ ತಿರುಗಿದ ಆ ಮುಖಗಳು ಅವರಿಗೆ ಇನ್ನೂ ಕಾಣುತ್ತಿದ್ದವು.

"ನೆನಪೈತೇನ್ಲಾ ಚಿಕ್ಕಾ, ಅವತ್ತು ನಾನು ಹೇಳಿದ್ದು?"

"ಮರಿಯಕ್ಕಾಯ್ತದಾ ಗೌಡ್ರೆ? ಆ ಮಾತ್ನಲ್ಲಿ ನಾನೂ ಸೇರ್ತೀನಾ ಅಂತ ಕೇಳವ ಅಂದ್ಕಂಡು ನಿಮ್ಮ ಬಾಗ್ಲುಗಂಟ ಬಂದಿದ್ದೆ. ಹಾರ ಹಾಕ್ಕಂಡೇ ಮಲಗ್ಬುಟ್ಟಿದ್ರಿ. ಪಾಪ, ದಣ್ದಿದ್ರಿ. ಎಬ್ಬುಸ್ನಿಲ್ಲ."

ಇಷ್ಟು ವರ್ಷ ಇವನು ಒಂದು ನಿದ್ದೆಗೆ ಮರ್ಯಾದೆ ಕೊಟ್ಟುಕೊಂಡು ಸುಮ್ಮನಿದ್ದನೇ ಎಂದು ಗೌಡರು ಅವನ ಕಡೆ ತಿರುಗಿದರು.

"ಬೆಳಿಗ್ಗೆ ಎದ್ಮೇಲಾದ್ರೂ ಕೇಳ್ಬಾರ್ದಿತ್ತೇನ್ಲಾ?"

"ಕೇಳವ ಅಂತ್ಲೇ ಜಗಲಿ ತಾವ ಕಾಯ್ತಾ ಕೂತಿದ್ದೆ," ಎಂದ ಚಿಕ್ಕಯ್ಯ. ಅವನ ದನಿಯಲ್ಲಿ ಚೂರೂ ಸಿಟ್ಟಿರಲಿಲ್ಲ. "ಅಷ್ಟ್ರಲ್ಲಿ ಎದ್ದು ಬಂದು ನೀವೇ ಕೇಳುದ್ರಿ, 'ಲೇ ಚಿಕ್ಕಾ, ಸಗಣಿ ಬಾಚ್ದೇನ್ಲಾ' ಅಂತ."