ತಣ್ಣಗಾದ ಗುಳಿ

ಸಂಗನಕಲ್ಲು ಗುಡ್ಡದ ಬಂಡೆಗಳಲ್ಲಿ ಕಲ್ಲುಕೊಡಲಿ ಮಸೆದ ಗುಳಿಗಳಿವೆ. ನಾಲ್ಕು ಸಾವಿರ ವರ್ಷಗಳ ಆಚೆ ಕೂತು ಯಾರಾದರೂ ಮಸೆಯತೊಡಗಿದರೆ ಇಲ್ಲಿ ಗುಳಿ ಬೆಚ್ಚಗಾಗುತ್ತದೆ. ಚಳಿಗಾಲದ ಬೆಳಿಗ್ಗೆ ನಾವು ಹೆಂಗಸರು ಅಲ್ಲಿ ಕೈ ಕಾಯಿಸಿಕೊಳ್ಳುತ್ತೇವೆ. ನನ್ನ ಗುಳಿಯಲ್ಲಿ ಮಸೆಯುವವಳು ಎಡಚಿ. ಅದರ ಎಡದಂಚೇ ಹೆಚ್ಚು ಸವೆದಿದೆ. ದೀಪಾವಳಿಯಿಂದ ಅದು ತಣ್ಣಗಿದೆ. ಅವಳಿಗೇನಾಯಿತೋ ಎಂದು ಯಾರನ್ನು ಕೇಳಲಿ?

"ಯಕ್ಕಾ, ನಿನ್ ಗೆಳತಿಗೆ ಇವತ್ತೂ ಸೂಟಿಯೇನು?" ಪಕ್ಕದ ಗುಳಿಯ ಹಂಪಮ್ಮ ನಕ್ಕಳು.

"ಕೊಡಲಿ ಮುಗಿದಿರಬೇಕು ಬಿಡು," ಎಂದೆ. ಕೈ ಮಾತ್ರ ತೆಗೆಯಲಿಲ್ಲ.

ಆಗ ಗುಳಿಯ ಮಗ್ಗುಲಲ್ಲಿ, ನಿನ್ನೆ ಒರಟಾಗಿದ್ದ ಕಲ್ಲಿನ ಮೇಲೆ, ಬೆರಳಗಲದ ನುಣುಪು ಕಂಡಿತು. ಮುಟ್ಟಿದರೆ ಬೆಚ್ಚಗಿತ್ತು. ಅದೂ ಎಡಕ್ಕೇ ವಾಲಿತ್ತು.

ಹಂಪಮ್ಮ ಬಗ್ಗಿ ನೋಡಿದಳು. ಈ ಸಲ ನಗಲಿಲ್ಲ. "ಮಗಳಿರಬೇಕು, ಯಕ್ಕಾ."

ಒಂದು ಕೈಯನ್ನು ಮಗಳ ಕಲ್ಲಿನ ಮೇಲಿಟ್ಟೆ. ಇನ್ನೊಂದನ್ನು ತಣ್ಣನೆಯ ಗುಳಿಯಲ್ಲೇ ಬಿಟ್ಟೆ.