ಹದಿನೆಂಟು ಅಡಿ ಇಳಿಜಾರು

ತರಬೇತಿಗೆ ಬರದಿದ್ದರೆ ಲೈಸೆನ್ಸ್ ನವೀಕರಣವಿಲ್ಲ ಎಂದಿದ್ದರಿಂದ ಆ ಹಿರಿಯ ಆರ್ಕಿಟೆಕ್ಟ್ ಕಾಟಾಚಾರಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಲವತ್ತು ವರ್ಷ ಮನೆ ಕಟ್ಟಿಸಿದವನಿಗೆ ಇದೇನು ಪಾಠ ಎಂಬ ಸಿಡುಕು ಬೇರೆ. ಕಲಿಸುತ್ತಿದ್ದವಳು ಚಿಕ್ಕ ವಯಸ್ಸಿನ ಹುಡುಗಿ.

"ಬಾಗಿಲಿಗೆ ಮೂರು ಮೆಟ್ಟಿಲು, ಎತ್ತರ ಒಂದೂವರೆ ಅಡಿ. ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಅನ್ನೋ ನಿಯಮದ ಪ್ರಕಾರ ಗಾಲಿಕುರ್ಚಿ ಇಳಿಯೋಕೆ ಎಷ್ಟುದ್ದದ ಇಳಿಜಾರು ಬೇಕು?"

"ಹದಿನೆಂಟು ಅಡಿ," ಎಂದರು ಅವರು, ಉಳಿದವರು ಪೆನ್ನು ತೆಗೆಯುವ ಮೊದಲೇ.

"ಬಾಯಲ್ಲೇ ಲೆಕ್ಕ ಹಾಕಿಬಿಟ್ರಲ್ಲ ಸರ್."

"ನಮ್ಮನೆ ಬಾಗಿಲೇ ಅದು. ಹೆಂಡ್ತಿ ಆರು ವರ್ಷ ಗಾಲಿಕುರ್ಚೀಲಿ ಕೂತು ಕೇಳಿದ್ಲು, ಅಂಗಳಕ್ಕಾದ್ರೂ ಇಳೀತೀನಿ ಅಂತ. ಅಷ್ಟುದ್ದ ಇಳಿಜಾರು ಹಾಕಿದ್ರೆ ಮನೆ ಅಂದ ಕೆಡುತ್ತೆ ಅಂತಿದ್ದೆ."

"ಆಮೇಲೆ ಮಾಡಿಸಿದ್ರಾ ಸರ್?"

ಅವರು ಹಾಜರಿ ಹಾಳೆಗೆ ಸಹಿ ಹಾಕಿ ಪಕ್ಕದವರಿಗೆ ದಾಟಿಸಿದರು.

"ಇಲ್ಲಮ್ಮ. ನಾಲ್ಕು ಜನ ಹೊತ್ಕೊಂಡು ಇಳಿಯೋಕೆ ಮೆಟ್ಟಿಲೇ ಸಾಕಾಯ್ತು."